ಅಳಿಸುವ ಸಿನಿಮಾ ಬೇಕು ಎಂದ ಗೆಳೆಯನಿಗೆ

ಪ್ರೀತಿಯ ರಘು,

"ಮನಸ್ಸಿಗೆ ತಟ್ಟೋ ಹತ್ತು ಸಿನಿಮಾ ಹೆಸರು ಕಳಿಸು, ಈಗೀಗ ಏನು ನೋಡಿದ್ರೂ ಏನೂ ಅನ್ನಿಸ್ತಿಲ್ಲ" ಅಂತ ಕೇಳಿದ್ದೀಯಲ್ಲ, ಹತ್ತು ಕಳಿಸೋದಿಲ್ಲ. ಆರು ಸಾಕು. ಆದರೆ ಬರೀ ಹೆಸರು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಈ ಸಿನಿಮಾಗಳು ಎಲ್ಲಿ ಹಿಡಿಯುತ್ತವೆ, ಹೇಗೆ ಹಿಡಿಯುತ್ತವೆ, ನಾವು ನೋಡುವ ರೀತಿಯಲ್ಲೇ ಅವು ಹೇಗೆ ಕೆಡುತ್ತವೆ ಅನ್ನುವುದನ್ನೂ ಬರೆಯುತ್ತೇನೆ. ನೀನು ಸಿನಿಮಾ ನೋಡುತ್ತಿರುವುದು ಬಹುಪಾಲು ಮೂರು ನಿಮಿಷದ ತುಣುಕುಗಳಲ್ಲಿ. ಕಣ್ಣೀರಿನ ದೃಶ್ಯವನ್ನಷ್ಟೇ ಕತ್ತರಿಸಿ ಹಾಕಿರುತ್ತಾರೆ. ಅದಕ್ಕೆ ಮುಂಚಿನ ಒಂದೂವರೆ ಗಂಟೆ ಇಲ್ಲದೆ ಆ ದೃಶ್ಯದಲ್ಲಿ ಉಳಿಯುವುದು ಅಳುತ್ತಿರುವ ಒಂದು ಮುಖ, ಅಷ್ಟೆ.

ನನ್ನ ಲೆಕ್ಕ ಸರಳ. ನನ್ನನ್ನು ಬಿಡದೆ ಹಿಡಿದುಕೊಂಡಿರುವ ಸಿನಿಮಾಗಳಲ್ಲೆಲ್ಲ ಒಂದು ವಸ್ತು ಇರುತ್ತದೆ. ಪಾರಿವಾಳ, ಕಂಬಳಿ, ಪಿಂಚಣಿ ಕಾಗದ, ಇಂಥದ್ದೇನೋ. ಮೊದಲ ಅರ್ಧದಲ್ಲಿ ಅದು ಸುಮ್ಮನೆ ಬಂದು ಹೋಗುತ್ತದೆ, ನಾವು ಗಮನ ಕೊಟ್ಟಿರುವುದಿಲ್ಲ. ಕೊನೆಯಲ್ಲಿ ಅದೇ ಬಂದು ಬಾಕಿ ವಸೂಲಿ ಮಾಡುತ್ತದೆ.

ಇದಕ್ಕೆ ಕಸ್ತೂರಿ ನಿವಾಸಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಗೊತ್ತಿಲ್ಲ. ನಗಬೇಡ, ಟಿವಿಯಲ್ಲಿ ನೂರು ಸಲ ನೋಡಿದ್ದೀನಿ ಅನ್ನಲೂ ಬೇಡ. ಮೊದಲಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೂತು ನೋಡಿದವರು ನಮ್ಮ ವಯಸ್ಸಿನವರಲ್ಲಿ ಕಡಿಮೆ. 1971ರ ಸಿನಿಮಾ, ದೊರೆ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಕೊಡುವುದೇ ಬದುಕು ಎಂದುಕೊಂಡ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕ ರವಿವರ್ಮ ಒಂದೊಂದೇ ಮೆಟ್ಟಿಲು ಇಳಿದು ಬರಿಗೈಯಾಗುತ್ತಾನೆ. ಕೊನೆಗೆ ಅವನ ಹತ್ತಿರ ಉಳಿಯುವುದು ಒಂದು ಪಾರಿವಾಳ.

ಆ ಕೊನೆಯ ಭಾಗದಲ್ಲಿ ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನುವುದನ್ನು ಗಮನಿಸು. ಅವನಿಗೆ ಹಳೆಯ ಪರಿಚಯದವಳಾದ ನೀಲಾ ಮನೆಗೆ ಬರುತ್ತಾಳೆ. ಬಂದವಳಿಗೆ ಊಟ ಹಾಕದೆ ಕಳಿಸುವ ಜಾಯಮಾನ ರವಿವರ್ಮನದಲ್ಲ, ಮನೆಯಲ್ಲಿ ಏನೂ ಇಲ್ಲ. ಪಾರಿವಾಳ ಮಾರಿ ಊಟಕ್ಕೆ ದಾರಿ ಮಾಡುತ್ತಾನೆ. ಅವಳು ಉಣ್ಣುತ್ತಾಳೆ. ಆಮೇಲೆ ಬಂದ ಕಾರಣ ಹೇಳುತ್ತಾಳೆ: ನನ್ನ ಮಗು ಆ ಪಾರಿವಾಳಕ್ಕಾಗಿ ಹಟ ಹಿಡಿದಿದೆ, ಅದನ್ನು ಕೇಳಲು ಬಂದಿದ್ದೇನೆ. ಅವಳು ಮೊದಲೇ ಕೇಳಿಬಿಟ್ಟಿದ್ದರೆ ಅವನು ಕೊಡುತ್ತಿದ್ದ, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಪಾರಿವಾಳ ಮಾರಿದ್ದು ಅವಳಿಗೆ ಮೊದಲೇ ಗೊತ್ತಿದ್ದರೆ ಅವಳು ತುತ್ತು ಎತ್ತುತ್ತಿರಲಿಲ್ಲ. ಊಟ ಮುಂದೆ, ಕೇಳಿಕೆ ಹಿಂದೆ. ನಡುವೆ ಗೊತ್ತಿರುವುದು ಅವನಿಗೆ ಮತ್ತು ನಮಗೆ ಮಾತ್ರ. ಕೊಡುವವನ ಕೈ ಮೊದಲ ಬಾರಿಗೆ ಖಾಲಿ, ಅದಕ್ಕೆ ಕಾರಣವೂ ಕೊಟ್ಟಿದ್ದೇ. ಇದನ್ನು ಬರೀ ತ್ಯಾಗದ ಕತೆ ಅನ್ನುವವರ ಜತೆ ನನಗೆ ಜಗಳವಿದೆ. ಕೊಡುವುದು ಒಂದು ಗೀಳಾದರೆ ಏನಾಗುತ್ತದೆ ಅನ್ನುವುದೂ ಅದರಲ್ಲಿದೆ, ರಾಜ್‌ಕುಮಾರ್ ಅದನ್ನು ಮುಖದಲ್ಲಿ ಇಟ್ಟುಕೊಂಡೇ ನಟಿಸಿದ್ದಾರೆ.

ಆಡಿಸಿ ನೋಡು ಬೀಳಿಸಿ ನೋಡು ಹಾಡು ಎರಡು ಸಲ ಬರುತ್ತದೆ, ಒಮ್ಮೆ ಖುಷಿಯಲ್ಲಿ, ಒಮ್ಮೆ ದುಃಖದಲ್ಲಿ. ಹಾಡು ಬಂದಾಗ ಮುಂದಕ್ಕೆ ಓಡಿಸುವ ನಿನ್ನ ಚಾಳಿ ಗೊತ್ತು. ಇಲ್ಲಿ ಹಾಗೆ ಮಾಡಿದರೆ ಮೊದಲ ಸಲದ, ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆ ತಪ್ಪಿಹೋಗುತ್ತದೆ. ಅದು ತಪ್ಪಿದರೆ ಎರಡನೇ ಸಲದ್ದು ಬರೀ ಒಂದು ಶೋಕಗೀತೆ. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದ್ದರು. ಹೊಸಬರನ್ನು ಥಿಯೇಟರಿಗೆ ಕರೆತಂದ ಪುಣ್ಯ ಅದಕ್ಕಿದೆ. ಆದರೂ ನೀನು ಕಪ್ಪು-ಬಿಳುಪಿನದನ್ನೇ ಹುಡುಕು. ಬಣ್ಣದಲ್ಲಿ ಪರದೆ, ಸೀರೆ, ಹೂದಾನಿ ಎಲ್ಲವೂ ಸಮನಾಗಿ ಕಣ್ಣು ಎಳೆಯುತ್ತವೆ, ಮುಖ ಹಿಂದೆ ಬೀಳುತ್ತದೆ.

ಎರಡನೆಯದು ಬೆಟ್ಟದ ಹೂವು, 1985, ಎನ್. ಲಕ್ಷ್ಮೀನಾರಾಯಣ್ ಅವರದು. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯಿಂದ ಬಂದ ಕತೆ, ಆದರೆ ಕನ್ನಡಕ್ಕೆ ಬಂದಾಗ ಹುಡುಗನ ಆಸೆಯ ಪುಸ್ತಕ ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಆಯಿತು. ಸ್ಕೂಲು ತಪ್ಪಿದ ರಾಮು ಕಾಡಿನ ಹೂ ಕಿತ್ತು ತಂದು ಮಾರಿ, ಆ ಪುಸ್ತಕಕ್ಕಾಗಿ ಕಾಸಿಗೆ ಕಾಸು ಸೇರಿಸುತ್ತಾನೆ. ಕೊನೆಗೆ ಆ ದುಡ್ಡು ಹೋಗುವುದು ಮನೆಯವರ ಕಂಬಳಿಗೆ. ಈ ಸಿನಿಮಾ ಕೆಲಸ ಮಾಡುವುದು ಹುಡುಗನ ಎರಡು ಆಸೆಗಳೂ ನಮಗೆ ಒಂದೇ ತೂಕದ್ದು ಎನಿಸಿದಾಗ. ಆದ್ದರಿಂದ ಚಳಿ-ಮಳೆಯ ದೃಶ್ಯಗಳು ನಿಧಾನವಾದವು ಅಂತ ಓಡಿಸಬೇಡ. ಮೈ ನಡುಗುವುದು ಕಾಣದಿದ್ದರೆ ಕಂಬಳಿಗೆ ತೂಕ ಬರುವುದಿಲ್ಲ, ಪುಸ್ತಕವೇ ಗೆದ್ದುಬಿಡುತ್ತದೆ.

ರಾಮು ಆಗಿ ನಟಿಸಿದ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಆಗ ಇನ್ನೂ ಹತ್ತರ ಆಸುಪಾಸಿನ ಹುಡುಗ. 2021ರ ಅಕ್ಟೋಬರ್ ನಂತರ ಇದನ್ನು ನೋಡುವುದು ಕಷ್ಟವಾಗಿದೆ, ರಾಮು ಕಾಣುವ ಮೊದಲೇ ಅಪ್ಪು ಕಾಣುತ್ತಾನೆ, ಗಂಟಲು ಕಟ್ಟುತ್ತದೆ. ಅದು ತಪ್ಪೇನಲ್ಲ, ಆದರೆ ಅದು ಬೇರೆ ದುಃಖ, ಆ ದುಃಖದಲ್ಲಿ ಲಕ್ಷ್ಮೀನಾರಾಯಣ್ ಕೆಲಸ ಕಾಣದೆ ಹೋಗುತ್ತದೆ. ಮನೆಯಲ್ಲಿ ಎಂಟು-ಹತ್ತು ವರ್ಷದ ಮಗುವಿದ್ದರೆ ಪಕ್ಕದಲ್ಲಿ ಕೂರಿಸಿಕೋ. ಅದಕ್ಕೆ ರಾಮು ಬರೀ ರಾಮು.

ಇನ್ನು ತಬರನ ಕಥೆ. ತೇಜಸ್ವಿಯವರ ಕತೆ, 1986ರಲ್ಲಿ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು, ತಬರಶೆಟ್ಟಿಯಾಗಿ ನಟಿಸಿದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಜೀವಮಾನವೆಲ್ಲ ಸರ್ಕಾರಿ ಚಾಕರಿ ಮಾಡಿದ ಕೆಳದರ್ಜೆಯ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಕಚೇರಿಯ ಗಡಿಯಾರ ಒಂದು, ಕಾಲಿನ ಗಡಿಯಾರ ಇನ್ನೊಂದು. ಇಲ್ಲಿ ಖಳನಾಯಕ ಅಂತ ಯಾರೂ ಇಲ್ಲ, ಭಯಂಕರವಾದದ್ದು ಅದೇ. ಪ್ರತಿಯೊಬ್ಬ ಗುಮಾಸ್ತನ ಬಾಯಲ್ಲೂ ಒಂದು ನಿಯಮ, ಅವನ ಮಟ್ಟಿಗೆ ಸರಿಯಾದ ಒಂದು ಉತ್ತರ. ಕೋಪ ಬಂದರೆ ಅದನ್ನು ಯಾರ ಮೇಲೂ ಇಳಿಸಲಾಗದು. ನಾಳೆ ಬಾ ಅನ್ನುವ ಮಾತು ಎಷ್ಟು ಬೇರೆ ಬೇರೆ ವಿನಯದಲ್ಲಿ ಬರುತ್ತದೆ ಅನ್ನುವುದನ್ನು ಕೇಳಿಸಿಕೋ. ಬಿಳಿ ಹಾಳೆ ಕೈಯಲ್ಲಿ ಹಿಡಿದು ತಾಲ್ಲೂಕು ಕಚೇರಿಯ ಕಂಬಕ್ಕೆ ಒರಗಿ ನಿಂತ ಯಾವ ಮುದುಕನನ್ನು ಕಂಡರೂ ಇದು ನೆನಪಾಗುತ್ತದೆ. ಕತೆ ಮೊದಲು ಓದು, ಸಣ್ಣದು. ಓದಿದರೆ ಸಿನಿಮಾದ ರುಚಿ ಕೆಡುವುದಿಲ್ಲ, ಕಾಸರವಳ್ಳಿ ಏನನ್ನು ಹಿಗ್ಗಿಸಿದರು ಅನ್ನುವುದು ಗೊತ್ತಾಗುತ್ತದೆ.

ಅವರದೇ ಘಟಶ್ರಾದ್ಧ, 1977, ಅವರ ಮೊದಲ ಕಥಾಚಿತ್ರ. ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ನಾಣಿಗೆ ಅಲ್ಲಿ ಅಕ್ಕನ ಹಾಗೆ ಆಸರೆಯಾಗುವವಳು ಉಡುಪರ ವಿಧವೆ ಮಗಳು ಯಮುನಾ. ಅವಳು ಬಸುರಿ. ಅಗ್ರಹಾರಕ್ಕೆ ತಿಳಿಯುತ್ತದೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ.

ಇದರ ಗುಟ್ಟು ಕಣ್ಣಿನ ಎತ್ತರದಲ್ಲಿದೆ. ನಾವು ನೋಡುವುದೆಲ್ಲ ನಾಣಿ ನೋಡಿದಷ್ಟೇ. ದೊಡ್ಡವರ ಪಿಸುಮಾತು ಅರ್ಧ ಕೇಳುತ್ತದೆ, ಬಾಗಿಲು ಅರ್ಧ ತೆರೆದಿರುತ್ತದೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಅವನಿಗೆ ತಿಳಿಸಿ ಹೇಳುವ ದಾರಿ ಇಲ್ಲ. ಕೊನೆಯಲ್ಲಿ ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುವಾಗ ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ಯಾರೂ ಭಾಷಣ ಮಾಡುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹುಡುಗನನ್ನು ಓಡಿಸಿ ಅವಳ ಮಡಿಲಿಗೆ ಬೀಳಿಸುತ್ತಿದ್ದರು, ಪಿಟೀಲು ಏರುತ್ತಿತ್ತು, ನಾವು ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಕಾಸರವಳ್ಳಿ ಹಗುರಾಗಲು ಬಿಡುವುದಿಲ್ಲ.

ಪ್ರಿಂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಸಿನಿಮಾದ ಚೌಕಟ್ಟು ಹೆಚ್ಚುಕಡಿಮೆ 4:3, ನಿನ್ನ ಟಿವಿ 16:9. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. ಅದು ಕಣ್ಣಿಗೆ ಚುಚ್ಚುತ್ತದೆ ಅಂತ ರಿಮೋಟಿನಲ್ಲಿ ಜೂಮ್ ಒತ್ತಿದರೆ ಚಿತ್ರದ ಎತ್ತರದಲ್ಲಿ ಕಾಲುಭಾಗ ಮೇಲೆ-ಕೆಳಗೆ ಕತ್ತರಿಸಿ ಹೋಗುತ್ತದೆ; ಮರದ ಕೆಳಗೆ ಕೂತವಳ ಮೇಲಿನ ಮರವೇ ಮಾಯ. ವೈಡ್ ಒತ್ತಿದರೆ ಮುಖಗಳೆಲ್ಲ ಮೂರನೇ ಒಂದರಷ್ಟು ಅಗಲವಾಗಿ ಊದಿಕೊಳ್ಳುತ್ತವೆ. 4:3 ಅಥವಾ ಒರಿಜಿನಲ್ ಅಂತ ಇರುವುದಕ್ಕೆ ಹಾಕು. ಯೂಟ್ಯೂಬಿನಲ್ಲಿ ಕೆಲವರು ಹೀಗೆ ಕತ್ತರಿಸಿಯೇ ಹಾಕಿರುತ್ತಾರೆ, ಟೈಟಲ್ ಕಾರ್ಡಿನ ಅಕ್ಷರದ ತಲೆ ಹಾರಿದ್ದರೆ ಆ ಪ್ರತಿ ಬಿಡು, ಬೇರೆ ಹುಡುಕು. ಮೋಷನ್ ಸ್ಮೂದಿಂಗ್ ಅಂತ ಒಂದಿರುತ್ತದೆ, ಕಂಪನಿಗೊಂದು ಹೆಸರು. ಅದನ್ನು ಆಫ್ ಮಾಡು. ಸೆಕೆಂಡಿಗೆ 24 ಚಿತ್ರಗಳ ಸಿನಿಮಾದ ನಡುವೆ ಅದು ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ, ಎಲ್ಲವೂ ಧಾರಾವಾಹಿಯ ಹಾಗೆ ಜಾರುತ್ತದೆ. ಘಟಶ್ರಾದ್ಧದ ಮಟ್ಟಿಗೆ ಒಂದು ಒಳ್ಳೆಯ ಸುದ್ದಿ: ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿಸಿವೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಇಷ್ಟೆಲ್ಲ ದುಃಖದ ನಡುವೆ ತಿಥಿ ಯಾಕೆ ಅಂತ ಕೇಳುತ್ತೀಯ. ನಗಿಸುವ ಸಿನಿಮಾ ಅಂತ ಹೆಸರಾಗಿದೆ, ನಿಜವೂ ಹೌದು. ರಾಮ್ ರೆಡ್ಡಿ ನಿರ್ದೇಶನ, ಜತೆಗೆ ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ, ನಟನೆಯೇ ಗೊತ್ತಿಲ್ಲದ ಹಳ್ಳಿಯವರನ್ನು ಹಾಕಿಕೊಂಡು ಮಾಡಿದ್ದು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಶುರುವಿನಲ್ಲೇ ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನು ಬಾಯಿಗೆ ಬಂದಂತೆ ಬೈಯುತ್ತಾ ಕೂತಿರುತ್ತಾನೆ, ಎದ್ದು ಹೋಗಿ ಬಿದ್ದು ಸಾಯುತ್ತಾನೆ. (ಅಮ್ಮನ ಜತೆ ಕೂತು ನೋಡುವುದಾದರೆ ಆ ಮೊದಲ ಐದು ನಿಮಿಷಕ್ಕೆ ಸಿದ್ಧವಾಗಿರು.) ಹನ್ನೊಂದನೇ ದಿನಕ್ಕೆ ತಿಥಿ ಆಗಬೇಕು, ಊರಿಗೆಲ್ಲ ಬಾಡೂಟ ಹಾಕಬೇಕು, ಮೊಮ್ಮಗ ತಮ್ಮಣ್ಣ ಅದಕ್ಕೆ ಸಾಲ ಮಾಡಬೇಕು, ಜಮೀನು ಮಾರಬೇಕು. ಜಮೀನಿಗೆ ಮೊದಲ ಹಕ್ಕಿನವನು ಅವನಪ್ಪ ಗಡ್ಡಪ್ಪ. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಟೈಗರ್ ಬ್ರಾಂದಿಯ ಬಾಟಲಿ ಜೇಬಿನಲ್ಲಿಟ್ಟು ಹೊಲದ ಬದುವಿನಲ್ಲಿ ನಡೆಯುತ್ತಿರುತ್ತಾನೆ.

ಎಷ್ಟೋ ಹೊತ್ತು ನಾವು ಗಡ್ಡಪ್ಪನನ್ನು ತಮಾಷೆಯ ಮುದುಕ ಅಂದುಕೊಂಡು ನಗುತ್ತೇವೆ. ಆಮೇಲೆ ಕುರಿಗಾಹಿಗಳ ಬಿಡಾರದಲ್ಲಿ, ರಾತ್ರಿ, ತನ್ನ ಹೆಂಡತಿ ಮತ್ತು ಅಪ್ಪನ ವಿಷಯ ಹೇಳುತ್ತಾನೆ. ಏನು ಹೇಳುತ್ತಾನೆ ಅಂತ ಇಲ್ಲಿ ಬರೆಯುವುದಿಲ್ಲ. ಹೇಳುವ ದನಿ ಮಾತ್ರ ಗಮನಿಸು: ಮಳೆ-ಬೆಳೆ ವಿಚಾರ ಹೇಳುವ ದನಿಯೇ. ಹಿನ್ನೆಲೆ ಸಂಗೀತ ಇಲ್ಲ, ಕ್ಯಾಮೆರಾ ಮುಖದ ಮೇಲೆ ನುಗ್ಗುವುದಿಲ್ಲ. ಅಲ್ಲಿಯವರೆಗೆ ಕಂಡ ಅವನ ನಡಿಗೆ, ಕುಡಿತ, ಏನೂ ಬೇಡವೆನ್ನುವುದು, ಎಲ್ಲವನ್ನೂ ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ. ನಟನೆ ಕಲಿತವರು ಆ ಮಾತಿಗೆ ಎಲ್ಲೋ ಒಂದು ಕಡೆ ದನಿ ನಡುಗಿಸಿಬಿಡುತ್ತಿದ್ದರು. ಟಿವಿಯಲ್ಲಿ ಆಟೋ ವಾಲ್ಯೂಮ್ ಅಥವಾ ನೈಟ್ ಮೋಡ್ ಇದ್ದರೆ ಈ ಸಿನಿಮಾಗೆ ತೆಗೆದುಬಿಡು. ಸದ್ದಿಲ್ಲದ ಕಡೆ ಅದು ದನಿ ಏರಿಸಿ ಜೀರುಂಡೆಯನ್ನು ಮಾತಿನಷ್ಟೇ ಜೋರು ಮಾಡುತ್ತದೆ. ಸಬ್‌ಟೈಟಲ್ ಕೂಡ ಬೇಡ, ಮಂಡ್ಯದ ಬೈಗುಳ ಇಂಗ್ಲಿಷಿಗೆ ಇಳಿದ ಮೇಲೆ ಅದು ಬೈಗುಳವಾಗಿ ಉಳಿಯುವುದಿಲ್ಲ.

ಹೊರಗಿನದೊಂದು ಇರಲಿ ಅಂದರೆ ಜಪಾನಿನ ನಿರ್ದೇಶಕ ಓಜು ಅವರ ಟೋಕಿಯೋ ಸ್ಟೋರಿ, 1953. ಓನೊಮಿಚಿ ಊರಿನ ಮುದಿ ಗಂಡ-ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೋಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಕೆಟ್ಟವರಲ್ಲ, ಪುರುಸೊತ್ತಿಲ್ಲ ಅಷ್ಟೆ. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಎತ್ತರದಲ್ಲಿ, ಅಲುಗುವುದೇ ಅಪರೂಪ. ಎರಡೂಕಾಲು ಗಂಟೆ, ಮೊದಲ ಅರ್ಧ ಗಂಟೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅಜ್ಜಿ ಪುಟ್ಟ ಮೊಮ್ಮಗನ ಜತೆ ದಿಬ್ಬದ ಮೇಲೆ ನಿಂತು, ನೀನು ದೊಡ್ಡವನಾಗಿ ಏನಾಗುತ್ತೀಯ, ಅಷ್ಟು ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಅನ್ನುವ ಅರ್ಥದ ಮಾತಾಡುತ್ತಾಳೆ. ಹುಡುಗ ಕಿವಿಗೆ ಹಾಕಿಕೊಳ್ಳದೆ ತನ್ನಷ್ಟಕ್ಕೆ ಆಡುತ್ತಿರುತ್ತಾನೆ. ಅಲ್ಲಿಗೆ ಬರುವವರೆಗೆ ಫೋನ್ ಮುಟ್ಟದಿದ್ದರೆ ಮುಂದಿನದು ತಾನೇ ನೋಡಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಮಕ್ಕಳಿರುವ ನಮ್ಮ ಎಷ್ಟೋ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಒಂದು ವಾರಕ್ಕೆ ಒಂದು ನೋಡು. ಒಂದೇ ಶನಿವಾರ-ಭಾನುವಾರಕ್ಕೆ ಎರಡು ಮೂರು ತುರುಕಿದರೆ ಒಂದರ ದುಃಖ ಇನ್ನೊಂದನ್ನು ನುಂಗುತ್ತದೆ, ಮೂರನೆಯದರ ಹೊತ್ತಿಗೆ ಮತ್ತೆ "ಏನೂ ಅನ್ನಿಸ್ತಿಲ್ಲ". ತಿಥಿಯಿಂದ ಶುರು ಮಾಡು, ನಗುತ್ತಾ ಒಳಗೆ ಹೋಗಬಹುದು, ಘಟಶ್ರಾದ್ಧ ಕೊನೆಗಿರಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಬೇಡ, ಮುದ್ದೆ ಉಂಡು ಓಜು ಮುಂದೆ ಕೂತರೆ ಹತ್ತು ನಿಮಿಷಕ್ಕೆ ನಿದ್ದೆ. ಅಳು ಬರಲಿಲ್ಲ ಅಂತ ಲೆಕ್ಕ ಕೊಡುವುದೂ ಬೇಡ, ನನಗೂ ಘಟಶ್ರಾದ್ಧದಲ್ಲಿ ಅಳು ಬರುವುದಿಲ್ಲ.

ಅದರ ಹೊಸ ಪ್ರತಿ ಬೆಂಗಳೂರಿನ ಯಾವುದಾದರೂ ಚಿತ್ರೋತ್ಸವದಲ್ಲಿ ದೊಡ್ಡ ಪರದೆಗೆ ಬಂತು ಅಂತ ಗೊತ್ತಾದರೆ ತಕ್ಷಣ ಫೋನ್ ಮಾಡು. ಪಾಸಿಗೆ ಸರದಿ ನಿಲ್ಲುವ ಕೆಲಸ ನನ್ನದು.

ಇಂತಿ ನಿನ್ನ,
ಶ್ರೀಧರ