ಕೊಡಗಿನ ಮೇಲಿನ ವಿಮಾನದ ಗೆರೆ: ನೇರವಾಗಿ ಕಂಡದ್ದೆಲ್ಲ ನೇರವಲ್ಲ

ಮಾನ್ಯ ಸಂಪಾದಕರೇ,

ಮೊಬೈಲ್ ಆಪ್‌ನಲ್ಲಿ ವಿಮಾನದ ಗೆರೆ ನೋಡಿ ‘ಸುತ್ತು ಹೊಡೆದು ಬಂತು, ಸಂಚಾರ ನಿಯಂತ್ರಣ ಸರಿಯಿಲ್ಲ’ ಎಂದು ತೀರ್ಪು ಕೊಡುವುದು ಸುಲಭ. ಕೊಡಗಿನ ಮಟ್ಟಿಗೆ ಆ ಗೆರೆಯನ್ನು ನಂಬುವ ಮೊದಲು ಒಂದಿಷ್ಟು ಪರೀಕ್ಷೆ ಬೇಕು.

ಬೆಂಗಳೂರು–ಕಣ್ಣೂರು ನೇರ ದೂರ ಸುಮಾರು 148 ನಾಟಿಕಲ್ ಮೈಲಿ, ಅಂದರೆ 274 ಕಿ.ಮೀ. ಆ ಗೆರೆ ಗೋಣಿಕೊಪ್ಪ, ವಿರಾಜಪೇಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಟೇಕಾಫ್, ಲ್ಯಾಂಡಿಂಗ್ ತಿರುವುಗಳು ರನ್‌ವೇ ದಿಕ್ಕಿನ ಮೇಲೆ ನಿಂತಿರುವುದರಿಂದ, ಅಳೆಯುವಾಗ ಎರಡೂ ತುದಿಯಲ್ಲಿ ತಲಾ 40 ನಾಟಿಕಲ್ ಮೈಲಿ ಬಿಡುವುದು ವಾಡಿಕೆ. ಉಳಿಯುವುದು 68. ಅಲ್ಲಿ ವಿಮಾನ 74 ಮೈಲಿ ಹಾರಿದರೆ ಹೆಚ್ಚುವರಿ ಶೇ 8.8. ಅದೇ 6 ಮೈಲಿ ಸಾವಿರ ಮೈಲಿಯ ಹಾರಾಟದಲ್ಲಿ ಶೇ 0.6 ಮಾತ್ರ. ಹೀಗಾಗಿ ಗಿಡ್ಡ ಮಾರ್ಗವನ್ನೂ ಉದ್ದ ಮಾರ್ಗವನ್ನೂ ಒಂದೇ ಸರಾಸರಿಗೆ ಹಾಕಕೂಡದು.

ನಮ್ಮಲ್ಲಿ ನಿಜವಾದ ತೊಡಕು ಬೆಟ್ಟದ್ದು. ವಿಮಾನ 1090 ಮೆಗಾಹರ್ಟ್ಸ್‌ನಲ್ಲಿ ತಾನಿರುವ ಜಾಗ ತಿಳಿಸಲು ಕಳಿಸುವ ಎಡಿಎಸ್-ಬಿ ರೇಡಿಯೋ ಸಂಕೇತ ನೇರ ದೃಷ್ಟಿಯಲ್ಲಿ ಬಂದರಷ್ಟೇ ಸಿಗುತ್ತದೆ. ಕಣಿವೆಯಲ್ಲಿ ರಿಸೀವರ್ ಇಟ್ಟು, ಎದುರಿನ ಬೆಟ್ಟದ ಅಂಚು 10 ಡಿಗ್ರಿ ಎತ್ತರಕ್ಕಿದ್ದರೆ, 10 ಕಿ.ಮೀ. ಮೇಲಿರುವ ವಿಮಾನ ಆ ದಿಕ್ಕಿನಲ್ಲಿ 57 ಕಿ.ಮೀ. ತನಕ ಕಾಣುತ್ತದೆ. ಇಳಿಯುತ್ತ 3 ಕಿ.ಮೀ.ಗೆ ಬಂದದ್ದು 17 ಕಿ.ಮೀ. ದಾಟಿದರೆ ಮರೆ. ಸಂಕೇತ ತಪ್ಪಿದ ಕಡೆ ತಂತ್ರಾಂಶ ಎರಡು ಬಿಂದುಗಳ ನಡುವೆ ಸೀದಾ ಗೆರೆ ಎಳೆದುಬಿಡುತ್ತದೆ. 14,000 ಅಡಿಯ ಕೆಳಗೆ ಇಳಿಯುವ ಸರದಿಗೆ ಕಾಯುವ ವಿಮಾನ ಒಂದು ಹೋಲ್ಡಿಂಗ್ (ಕಾಯುವ) ಸುತ್ತು ಮುಗಿಸಲು ಸುಮಾರು 4 ನಿಮಿಷ ಹಿಡಿಯುತ್ತದೆ, ಹೊರಟ ಬಿಂದುವಿಗೇ ಮರಳುತ್ತದೆ. ಅಷ್ಟು ಹೊತ್ತು ಸಂಕೇತ ಇಲ್ಲದಿದ್ದರೆ ಇಡೀ ಸುತ್ತು ನಕ್ಷೆಯಿಂದಲೇ ಮಾಯ! ಹಾಗಾಗಿ ಅದಕ್ಷತೆ ಇದ್ದೂ ಕಾಣದಿರುವ ಅಪಾಯವೇ ನಮ್ಮಲ್ಲಿ ಹೆಚ್ಚು.

ಪತ್ತೆ ಹಚ್ಚಲು ದಾರಿಯಿದೆ. ಬಿಟ್ಟುಹೋದ ಭಾಗದ ದೂರವನ್ನು ಸಮಯದಿಂದ ಭಾಗಿಸಿ. ಮೊದಲೂ ಆಮೇಲೂ 240 ನಾಟ್ (ಗಂಟೆಗೆ 240 ನಾಟಿಕಲ್ ಮೈಲಿ) ಇದ್ದ ವೇಗ ನಡುವೆ 90ಕ್ಕೆ ಇಳಿದಂತೆ ಬಂದರೆ, ಅಲ್ಲಿ ಸುತ್ತು ಅಡಗಿದೆ. ಅಂಥ ಹಾರಾಟವನ್ನು ದೂರದ ಲೆಕ್ಕದಿಂದ ತೆಗೆದು ಸಮಯದ ಲೆಕ್ಕಕ್ಕೆ ಹಾಕಬೇಕು.

ಸಿಡಿಲಮೋಡ ತಪ್ಪಿಸಲು ಬಳಸಿದ ದಾರಿಯನ್ನೂ ನಿಯಂತ್ರಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಡಗಿನಲ್ಲಿ ಅಂಥ ಮೋಡಗಳು ಜೋರಾಗಿ ಏಳುವುದು ಏಪ್ರಿಲ್–ಮೇನಲ್ಲಿ, ಜುಲೈನ ಜಡಿಮಳೆಯಲ್ಲಲ್ಲ. ತಿಂಗಳುಗಳನ್ನು ಬೇರೆಬೇರೆಯಾಗಿಯೇ ನೋಡಿ.

ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಕೋರಿಕೆ. ಒಂದೇ ರಿಸೀವರ್ ಸಾಲದು. ಮಡಿಕೇರಿಯ ಎತ್ತರದಲ್ಲೊಂದು, ವಿರಾಜಪೇಟೆ ಕಡೆಯೊಂದು ಇದ್ದರೆ ಒಂದರ ಮರೆಯನ್ನು ಇನ್ನೊಂದು ತುಂಬೀತು. ಎರಡರ ಗಡಿಯಾರವೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರಲಿ. ಒಂದು ಭಾರತೀಯ ಸಮಯದಲ್ಲಿ ಉಳಿದರೆ ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಒಂದೇ ವಿಮಾನ ಎರಡಾಗಿ ಎಣಿಕೆಯಾಗುತ್ತದೆ. ಗುರುತಿಗೆ, ರೇಡಿಯೋದಲ್ಲಿ ಹಾರಾಟವನ್ನು ಕರೆಯುವ, ದಿನವೂ ಮರುಬಳಕೆಯಾಗುವ ಕಾಲ್‌ಸೈನ್ ಒಂದನ್ನೇ ನೆಚ್ಚದೆ, ಆಯಾ ವಿಮಾನಕ್ಕೇ ಮೀಸಲಾದ 24 ಬಿಟ್ ವಿಳಾಸವನ್ನೂ ದಿನಾಂಕವನ್ನೂ ಜೊತೆಗೆ ಬರೆದಿಡಿ.

– ವಿಮಾನ ಸಂಚಾರ ದತ್ತಾಂಶ ಆಸಕ್ತರು, ಮಡಿಕೇರಿ