‘ತೀರ್ಥೋದ್ಭವ ಸ್ಪೆಷಲ್’ ಅಂತ ದುಡ್ಡು ತಗೊಂಡು ಮುಹೂರ್ತ ತಪ್ಪಿಸಿದ್ದರ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಾನು ಮಂಡ್ಯದವನು. ಅಕ್ಟೋಬರ್ 17ರ ನಿಮ್ಮ ತಲಕಾವೇರಿ ಬಸ್ಸಲ್ಲಿ ನಮ್ಮವ್ವ, ನನ್ನ ಹೆಂಡ್ತಿ, ನಾನು ಮೂರು ಸೀಟ್ ಬುಕ್ ಮಾಡಿದ್ವಿ. ನಿಮ್ಮ ಮೈಸೂರು ಆಫೀಸಿಗೆ ಫೋನ್ ಮಾಡಿದಾಗೆಲ್ಲ ‘ಸಾರ್ ಮೀಟಿಂಗಲ್ಲವ್ರೆ’ ಅಂತಾರೆ, ಅದಕ್ಕೇ ಬರೆದು ಕಳಿಸ್ತಿದ್ದೀನಿ, ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡಿ.

ನಿಮ್ಮ ವಾಟ್ಸಾಪ್ ಪೋಸ್ಟರಲ್ಲಿ ದಪ್ಪಕ್ಷರದಲ್ಲಿ ಏನಿತ್ತು ನೆನಪಿದ್ಯಾ? ‘ಮಧ್ಯಾಹ್ನ 1.44ರ ಮುಹೂರ್ತಕ್ಕೆ ಬ್ರಹ್ಮಕುಂಡಿಕೆ ಮುಂದೆ ನೀವಿರ್ತೀರಿ, ಗ್ಯಾರಂಟಿ.’ ಅವ್ವ ಹೊರಟಿದ್ದೇ ಅದನ್ನ ನೋಡಿ. ಸೂರ್ಯ ತುಲಾ ರಾಶಿಗೆ ಕಾಲಿಡೋ, ಆ ಕುಂಡಿಕೇಲಿ ಕಾವೇರಿ ತೀರ್ಥ ಉಕ್ಕುತ್ತೆ ಅಂತ ನಂಬೋ ಗಳಿಗೆ ಅದು, ಒಂದು ವರ್ಷ ಬೆಳಗ್ಗೆ ಬಂದ್ರೆ ಇನ್ನೊಂದು ವರ್ಷ ನಡುರಾತ್ರಿ ಬರುತ್ತೆ, ಈ ಸಲ ಮಧ್ಯಾಹ್ನ ಬಂದಿದೆ, ವಯಸ್ಸಾದವರಿಗೂ ಅನುಕೂಲ ಅಂತ ನಾವೂ ಹೂಂ ಅಂದ್ವಿ. ಬರೀ ಕಾವೇರಿ ಸ್ನಾನ ಸಾಕು ಅನ್ನಂಗಿದ್ರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಇರಲಿಲ್ವಾ, ಲೋಕಲ್ ಬಸ್ಸಲ್ಲಿ ಹೋಗಿ ಮುಳುಗಿ ಬಂದು ಮಧ್ಯಾಹ್ನಕ್ಕೆ ಮನೇಲಿ ಮುದ್ದೆ ಉಣ್ಣಬಹುದಿತ್ತು.

ಬೆಳಗ್ಗೆ 5ಕ್ಕೆ ಮಂಡ್ಯ ಬಿಟ್ಟಿದ್ದು ಕರೆಕ್ಟಾಗೇ ಇತ್ತು. ಡ್ರೈವರ್ ಮೇಲೆ ನಂದೇನೂ ಕಂಪ್ಲೇಂಟ್ ಇಲ್ಲ, ಪಾಪ ಒಳ್ಳೆ ಮನುಷ್ಯ, ಮಡಿಕೇರಿ ತಿರುವಲ್ಲೂ ಜೋಪಾನವಾಗಿ ಓಡಿಸ್ದ. ಹುಣಸೂರಲ್ಲಿ ತಿಂಡಿ, ಅದೂ ಸರಿ. ಪಿರಿಯಾಪಟ್ಟಣ ದಾಟಿದ ಮೇಲೆ ಶುರುವಾಯ್ತು ನೋಡಿ ನಿಮ್ಮ ಗೈಡಿನ ಆಟ. ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಹತ್ರ ಬಸ್ ಸೈಡಿಗೆ ಹಾಕಿಸಿ ‘ಅರ್ಧ ಗಂಟೆ ಅಷ್ಟೇ’ ಅಂದ, ಎಲ್ಲರೂ ವಾಪಸ್ ಹತ್ತೋ ಹೊತ್ತಿಗೆ ಒಂದೂಕಾಲು ಗಂಟೆ. ಗುಡಿ ಚೆನ್ನಾಗೇ ಇದೆ, ಬೇಡ ಅನ್ನಲ್ಲ, ಆದ್ರೆ ಅದು ನಾಳೆನೂ ಅಲ್ಲೇ ಇರುತ್ತೆ. ಆಮೇಲೆ ಕುಶಾಲನಗರ ಬಿಟ್ಟು ಸ್ವಲ್ಪ ಮುಂದೆ ಒಂದು ಸ್ಪೈಸಸ್ ಅಂಗಡಿ. ಹೋಮ್‌ಮೇಡ್ ಚಾಕೊಲೇಟು, ಜೇನುತುಪ್ಪ, ಕಾಫಿಪುಡಿ, ಯಾರಿಗೆ ಬೇಕಿತ್ತು ಆ ಟೈಮಲ್ಲಿ? ನಿಮ್ಮ ಗೈಡು ಕೌಂಟರ್ ಹಿಂದೆ ಕುರ್ಚಿ ಹಾಕ್ಕೊಂಡು ಕಾಫಿ ಕುಡೀತಾ ಕೂತಿದ್ದ, ಅಂಗಡಿಯವನು ಪ್ರತಿ ಬಿಲ್ಲಿನ ಮೂಲೇಲೂ ಪೆನ್ನಲ್ಲಿ ನಮ್ಮ ಬಸ್ ನಂಬರ್ ಗೀಚ್ತಾ ಇದ್ದ. ನನ್ನ ಹೆಂಡ್ತಿ ತಗೊಂಡ ಐವತ್ತು ಗ್ರಾಂ ಏಲಕ್ಕಿ ಬಿಲ್ಲಲ್ಲೂ ಇದೆ, ಫೋಟೋ ಹಾಕಿದ್ದೀನಿ. ಯಾಕೆ ಬರೀತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಭಾಗಮಂಡಲ ಮುಟ್ಟಿದಾಗ 12.20. ಅಲ್ಲಿ ಮೊದಲು ಸಂಗಮದಲ್ಲಿ ಮಿಂದು ಭಗಂಡೇಶ್ವರನ್ನ ನೋಡ್ಕೊಂಡು ಆಮೇಲೆ ಮೇಲಕ್ಕೆ ಹೋಗೋದು ಪದ್ಧತಿ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಮೂರೂ ಸೇರೋ ಜಾಗ ಅದು, ಅವ್ವ ಎಷ್ಟೋ ವರ್ಷದಿಂದ ಅಲ್ಲಿ ಮುಳುಗಬೇಕು ಅಂತಿದ್ಲು, ನಿಮ್ಮ ಗೈಡು ‘ಹತ್ತು ನಿಮಿಷ, ಕಾಲು ತೊಳ್ಕೊಂಡು ಬಂದ್ಬಿಡಿ’ ಅಂತಾನೆ! ಬಟ್ಟೆ ಬದಲಾಯಿಸೋಕೆ ರೂಮ್ ಇರುತ್ತೆ ಅಂತ ಪೋಸ್ಟರಲ್ಲಿತ್ತು, ರೂಮೂ ಇಲ್ಲ ಏನೂ ಇಲ್ಲ, ಹೆಂಗಸರು ಬಸ್ಸಿನ ಹಿಂದೆ ಸೀರೆ ಅಡ್ಡ ಹಿಡ್ಕೊಂಡು ನಿಂತ್ರು.

ಅಲ್ಲಿಂದ ತಲಕಾವೇರಿ ಇನ್ನೂ 8 ಕಿಲೋಮೀಟರ್. ಪೊಲೀಸ್ನೋರು ಟೂರಿಸ್ಟ್ ಬಸ್ ಮೇಲಕ್ಕೆ ಬಿಡಲ್ಲ, ಸರ್ಕಾರಿ ಬಸ್ಸಲ್ಲೇ ಹೋಗಿ ಅಂದ್ರು. ನಿಮ್ಮ ಗೈಡು ಇದೇ ಮೊದಲ ಸಲ ಕೇಳ್ತಿರೋನ ಥರ ಬಾಯಿ ಬಿಟ್ಕೊಂಡು ನಿಂತ. ಜಾತ್ರೆ ದಿನ ಅಷ್ಟು ಜನ ಸೇರೋ ಜಾಗಕ್ಕೆ ಗಾಡಿ ಎಲ್ಲಿವರೆಗೆ ಹೋಗುತ್ತೆ ಅಂತ ವಿಚಾರಿಸದೇನೇ ಟಿಕೆಟ್ ಮಾರಿದ್ರಾ? ಕ್ಯೂ ನಿಂತು ಕೊನೆಗೂ ಬಸ್ ಹತ್ತಿದ್ವಿ, ಅದು ಬೆಟ್ಟದ ತಿರುವಲ್ಲಿ ಟ್ರಾಫಿಕ್ಕಲ್ಲಿ ನಿಂತಿತ್ತು, ಪಕ್ಕದ ಸೀಟಿನ ಹುಡುಗ ಮೊಬೈಲಲ್ಲಿ ಲೈವ್ ಹಾಕ್ದ, ಅಷ್ಟರಲ್ಲಿ 1.44 ಆಗೇ ಹೋಯ್ತು. ಅದರಲ್ಲಿ ಅರ್ಚಕರು ತೀರ್ಥ ಎರಚ್ತಿದ್ದಾರೆ, ಜನ ‘ಉಕ್ಕಿ ಬಾರಮ್ಮ ಕಾವೇರಿ’ ಅಂತ ಕೂಗ್ತಿದ್ದಾರೆ, ನಮ್ಮವ್ವ ಖಾಲಿ ತಾಮ್ರದ ಚೊಂಬನ್ನ ಮಡಿಲಲ್ಲಿ ಇಟ್ಕೊಂಡು ಆ ಮೊಬೈಲಿಗೇ ಕೈ ಮುಗಿದ್ಲು. ಮೊಬೈಲ್ ನಮ್ಮನೇಲೂ ಇದೆ ಸಾರ್.

ಮೇಲೆ ಹೋದಾಗ ಇನ್ನೊಂದು ಗೊತ್ತಾಯ್ತು. ಸೀಟಿಗೆ 1,800 ಅಲ್ದೆ ತಲೆಗೆ 400ರಂಗೆ ‘ವಿಶೇಷ ದರ್ಶನ ಪಾಸ್’ ಅಂತ 1,200 ಎಕ್ಸ್‌ಟ್ರಾ ವಸೂಲಿ ಮಾಡಿದ್ರಲ್ಲ, ನಮ್ಮ ಕೈಗೆ ಯಾವ ಪಾಸೂ ಬರಲಿಲ್ಲ, ಅಲ್ಲಿದ್ದವರನ್ನ ಕೇಳಿದ್ರೆ ನಿಮ್ಮ ಟ್ರಾವೆಲ್ಸ್ ಹೆಸರಲ್ಲಿ ಏನೂ ಇಲ್ಲ ಅಂದ್ರು. ಎಲ್ಲರ ಜೊತೆ ಅದೇ ಕ್ಯೂನಲ್ಲಿ ನಿಂತು ತೀರ್ಥ ತಗೊಂಡ್ವಿ. ಗೈಡಿಗೆ ಹೇಳಿದ್ರೆ ‘ತೀರ್ಥ ಸಿಕ್ತಲ್ಲ ಸಾರ್, ಇನ್ನೇನ್ ಬೇಕು’ ಅಂದ. ತೀರ್ಥ ಯಾವತ್ತು ಹೋದ್ರೂ ಸಿಗುತ್ತೆ ಸ್ವಾಮಿ, ಅದೇ ನೀರು ಕೆಆರ್‌ಎಸ್ ತುಂಬಿ ವಿಸಿ ನಾಲೇಲಿ ನಮ್ಮ ಕಬ್ಬಿನ ಗದ್ದೆಗೇ ಬರುತ್ತೆ. ನೀವು ‘ಸ್ಪೆಷಲ್’ ಅಂತ ಜಾಸ್ತಿ ರೇಟಿಗೆ ಮಾರಿದ್ದು ಆ 1.44ನ್ನ. ಅದನ್ನೇ ಅಂಗಡಿ ಕಮಿಷನ್‌ಗೆ ಕಳೆದ್ರಿ.

ಈಗ ನನಗೆ ಪಾಸಿನ 1,200 ಪೂರ್ತಿ ವಾಪಸ್ ಬೇಕು, ಮೂರು ಸೀಟಿನ ಚಾರ್ಜಲ್ಲಿ ಅರ್ಧ 2,700 ಬೇಕು, ಒಟ್ಟು 3,900. ಅರ್ಧ ಯಾಕೆ ಅಂದ್ರೆ ಬಸ್ಸು ಹೋಗಿದ್ದೂ ನಿಜ, ಬಂದಿದ್ದೂ ನಿಜ, ಊಟನೂ ಪರವಾಗಿಲ್ಲ, ಇಲ್ದಿದ್ದನ್ನ ನಾನು ಹೇಳಲ್ಲ. ಆ ‘ಗ್ಯಾರಂಟಿ’ ಪೋಸ್ಟರ್ ಇನ್ನೂ ನಿಮ್ಮ ಸ್ಟೇಟಸ್ಸಲ್ಲಿದೆ, ಅದನ್ನೂ ತೆಗೀರಿ. ಹದಿನೈದು ದಿನ ಕಾಯ್ತೀನಿ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ರಿಜಿಸ್ಟರ್ ಮಾಡಿಸ್ತೀನಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಗ್ರಾಹಕರ ಆಯೋಗಕ್ಕೆ ಹಾಕ್ತೀನಿ. 2019ರ ಕಾಯ್ದೆ ಪ್ರಕಾರ ನಾನಿರೋ ಊರಲ್ಲೇ ಹಾಕಬಹುದು, 5 ಲಕ್ಷದವರೆಗೆ ಫೀಸೂ ಇಲ್ಲ, ನೀವೇ ಮಂಡ್ಯಕ್ಕೆ ಓಡಾಡಬೇಕಾಗುತ್ತೆ. ಪೋಸ್ಟರ್ ಸ್ಕ್ರೀನ್‌ಶಾಟ್, ಪೇಮೆಂಟ್ ಮೆಸೇಜು, ಏಲಕ್ಕಿ ಬಿಲ್ಲು ಎಲ್ಲಾ ಜೊತೆಗಿದೆ.

ದುಡ್ಡು ಯಾವ ನಂಬರಿಂದ ಬಂತೋ ಅದಕ್ಕೇ ಹಾಕಿ. ನಿಮ್ಮ ಹುಡುಗಿ ಫೋನಲ್ಲಿ ಹೇಳಿದಂಗೆ ಮುಂದಿನ ವರ್ಷಕ್ಕೆ ಡಿಸ್ಕೌಂಟ್ ಕೂಪನ್ ಬೇಡ.

ಇಂತಿ,
ಸೀಟ್ ನಂಬರ್ 14, 15, 16ರ ಪ್ರಯಾಣಿಕರು, ಮಂಡ್ಯ