ಚೈನ್ ಜೋಡಿಸಿಕೊಟ್ಟ ಸವಾರರಿಗೆ ಧನ್ಯವಾದ
ಕಾಡುದಾರಿಯ ಏರಿನಲ್ಲಿ ನನ್ನ ಮೌಂಟನ್ ಬೈಕಿನ ಚೈನ್ ತುಂಡಾದಾಗ ತಮ್ಮ ಸವಾರಿಯನ್ನು ನಿಲ್ಲಿಸಿ, ಬಾಗಿದ ಕೊಂಡಿಯನ್ನು ಚೈನ್ ಟೂಲಿನಿಂದ ತೆಗೆದು, ತಮ್ಮ ಬಳಿಯಿದ್ದ ಕ್ವಿಕ್ ಲಿಂಕ್ (ಚೈನಿನ ಎರಡು ತುದಿಗಳನ್ನು ಸುಲಭವಾಗಿ ಸೇರಿಸುವ ಕೊಂಡಿ) ಹಾಕಿ ಜೋಡಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯ ಸವಾರರಿಗೆ ಹೃತ್ಪೂರ್ವಕ ಧನ್ಯವಾದಗಳು. 12 ಸ್ಪೀಡಿನ (ಹಿಂದೆ 12 ಗಿಯರುಗಳಿರುವ ಸೈಕಲ್ಲಿನ) ಚೈನಿಗೆ ಅದಕ್ಕೆಂದೇ ಮಾಡಿದ ಲಿಂಕನ್ನೇ ಬಳಸಬೇಕೆಂದು ತಿಳಿಸಿದ್ದಲ್ಲದೆ, ಸವೆತದಿಂದ ಚೈನಿನ ಉದ್ದ ಶೇ. 0.5ರಷ್ಟು ಹೆಚ್ಚಿದೊಡನೆ ಅದನ್ನು ಬದಲಿಸದಿದ್ದರೆ ಅದಕ್ಕಿಂತ ದುಬಾರಿಯಾದ ಕ್ಯಾಸೆಟ್ಟಿನ (ಹಿಂಚಕ್ರದ ಗಿಯರ್ ಹಲ್ಲುಗಾಲಿಗಳ ಗುಚ್ಛದ) ಹಲ್ಲುಗಳೂ ಸವೆಯುತ್ತವೆ ಎಂಬುದನ್ನು ಅವರು ತಾಳ್ಮೆಯಿಂದ ವಿವರಿಸಿದರು. ಅಷ್ಟು ಹೊತ್ತೂ ಸೊಳ್ಳೆಗಳು ಕಚ್ಚಿದ್ದು ಹೆಚ್ಚಾಗಿ ಅವರನ್ನೇ. ಮಕ್ಕಳು ಏಳುವ ಮುಂಚಿನ ಹೊತ್ತಷ್ಟೇ ಸವಾರಿಗೆ ಸಿಗುವ ನನ್ನಂಥವರಿಗೆ, ಸೈಕಲ್ ತಳ್ಳಿಕೊಂಡು ತಡವಾಗಿ ಮರಳುವುದೆಂದರೆ ಮುಂದಿನ ವಾರದ ಸವಾರಿಗೂ ಕುತ್ತು ಬಂದಂತೆಯೇ. ಅವರ ದಯೆಯಿಂದ ಹೇಳಿದ ಸಮಯಕ್ಕೆ ಮನೆ ಸೇರಿದೆನಾದರೂ, ಆ ಲಿಂಕಿನ ಬೆಲೆಯನ್ನು ನಾನು ಎಷ್ಟು ಹೇಳಿದರೂ ಅವರು ಪಡೆಯಲಿಲ್ಲ.